ಗುಳೆ ಹೋಗುವವರಿಗೆ, ದುಡಿಯಲು ಬಂದವರಿಗೆ ಜಾಗ ಕೊಡುವವರಿಗೆ: ಕಾಗದಪತ್ರದ ಕೈಪಿಡಿ

ದೀಪಾವಳಿ ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ತಾಂಡಾಗಳಲ್ಲಿ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಗೋವಾದ ಕಟ್ಟಡ ಕೆಲಸಕ್ಕೆ, ಪುಣೆ-ಮುಂಬೈಗೆ, ಸಾಂಗ್ಲಿ-ಕೊಲ್ಹಾಪುರದ ಕಬ್ಬಿಗೆ ಜನ ಗುಳೆ ಹೊರಡುತ್ತಾರೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಿಗೆ ಬಂದಿಳಿಯುತ್ತವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ, ಕಟ್ಟಡಗಳಲ್ಲಿ ಬಿಹಾರ, ಒಡಿಶಾ, ಉತ್ತರ ಪ್ರದೇಶದವರು ವರ್ಷವಿಡೀ ಇರುತ್ತಾರೆ. ಹೀಗೆ ನಾವು ಏಕಕಾಲಕ್ಕೆ ಹೋಗುವವರೂ ಹೌದು, ಬಂದವರಿಗೆ ಜಾಗ ಕೊಡುವವರೂ ಹೌದು.

ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಚೋರ್ಲಾ ಘಾಟಿನಲ್ಲಾಗಲಿ ನಿಪ್ಪಾಣಿಯ ಹೆದ್ದಾರಿಯಲ್ಲಾಗಲಿ ದುಡಿಯಲು ಹೊರಟವರನ್ನು ವಾಪಸ್ ಕಳಿಸುವ ಅಧಿಕಾರ ಯಾರಿಗೂ ಇಲ್ಲ. ತಡೆ ಎದುರಾಗುವುದು ಆಮೇಲೆ: ರೇಷನ್ ಅಂಗಡಿಯಲ್ಲಿ, ಶಾಲೆಯ ಆಫೀಸಿನಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ. ‘ವಿಳಾಸ ಎಲ್ಲಿಯದು? ಎಷ್ಟು ವರ್ಷದಿಂದ ಇದ್ದೀರಿ?’ ಎಂಬ ಎರಡು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರ ಇಲ್ಲದವರು ಹೊರಗೆ ಉಳಿಯುತ್ತಾರೆ. ಆದ್ದರಿಂದ ಈ ಕೈಪಿಡಿಯ ಬಹುಪಾಲು ಕಾಗದದ ಬಗ್ಗೆಯೇ ಇದೆ.

ಯಾವುದು ಗಡಿ ದಾಟುತ್ತದೆ, ಯಾವುದು ದಾಟುವುದಿಲ್ಲ

ಸುಲಭದ ಸೂತ್ರ ಒಂದಿದೆ. ಕೇಂದ್ರದ ಕಾನೂನಿನಿಂದ ಬಂದದ್ದು ನಿಮ್ಮ ಜೊತೆ ಬರುತ್ತದೆ, ರಾಜ್ಯ ತನ್ನ ಖಜಾನೆಯಿಂದ ಕೊಡುವುದು ರಾಜ್ಯದಲ್ಲೇ ಉಳಿಯುತ್ತದೆ. ಆಹಾರ ಭದ್ರತಾ ಕಾಯ್ದೆಯ ಧಾನ್ಯ, ಇಎಸ್‌ಐ, ಪಿಎಫ್, ಇ-ಶ್ರಮ್ (ಅಸಂಘಟಿತ ಕಾರ್ಮಿಕರ ನೋಂದಣಿ) ಸಂಖ್ಯೆ, ಮಕ್ಕಳ ಲಸಿಕೆ, 6ರಿಂದ 14 ವರ್ಷದ ಮಕ್ಕಳ ಶಾಲೆ ಎಲ್ಲ ರಾಜ್ಯಗಳಲ್ಲೂ ಸಿಗಬೇಕು. ಗೃಹಲಕ್ಷ್ಮಿ, ಶಕ್ತಿ, ಹೆಚ್ಚುವರಿ ಅನ್ನಭಾಗ್ಯ, ಕಟ್ಟಡ ಕಾರ್ಮಿಕರ ಮಂಡಳಿಯ ಸಹಾಯಧನ, ಜಾತಿ ಮೀಸಲಾತಿ ಇವು ದಾಟುವುದಿಲ್ಲ.

ಬೆಳಗಾವಿಯ ಬಸ್ಸಿನಲ್ಲೇ ಇದನ್ನು ನೋಡಬಹುದು. ಒಂದೇ ಸೀಟಿನಲ್ಲಿ ಕೂತ ಇಬ್ಬರು ಹೆಣ್ಣುಮಕ್ಕಳು, ಒಂದೇ ಕಟ್ಟಡದಲ್ಲಿ ಕೆಲಸ. ಬೈಲಹೊಂಗಲದ ಆಧಾರ್ ತೋರಿಸಿದವರಿಗೆ ಶೂನ್ಯ ದರದ ಟಿಕೆಟ್, ಜಾರ್ಖಂಡದ ಆಧಾರ್ ತೋರಿಸಿದವರಿಗೆ ಪೂರ್ತಿ ದರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಕೇಳುವುದು ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿಯನ್ನು. ಆಕೆ ಇಲ್ಲೇ ವರ್ಷವಿಡೀ ಇರುವವಳಾದರೆ ಆಧಾರ್‌ನ ವಿಳಾಸ ಬದಲಿಸಿಕೊಂಡ ದಿನದಿಂದ ಆಕೆಗೂ ಉಚಿತ. ಅದನ್ನು ಹೇಳಿಕೊಡುವವರಿಲ್ಲದೆ ಎಷ್ಟೋ ಜನ ವರ್ಷಗಟ್ಟಲೆ ಹಣ ತೆರುತ್ತಾರೆ.

ವಿಳಾಸ ಬದಲಿಸಲು ಬಾಡಿಗೆ ಕರಾರು ಸಾಕಾಗುತ್ತದೆ. ಕರಾರು ಇಲ್ಲದೆ ಶೆಡ್ಡಿನಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ: ಆಧಾರ್ ಪ್ರಾಧಿಕಾರದ ನಿಗದಿತ ನಮೂನೆಯ ಪ್ರಮಾಣಪತ್ರ. ಅದಕ್ಕೆ ಗೆಜೆಟೆಡ್ ಅಧಿಕಾರಿ, ಶಾಸಕರು, ನಗರಸೇವಕರು ಅಥವಾ ಗ್ರಾಮ ಪಂಚಾಯತಿಯ ಮುಖ್ಯಸ್ಥರು ಸಹಿ ಹಾಕಬಹುದು. ಅದು 3 ತಿಂಗಳು ಮಾತ್ರ ನಡೆಯುತ್ತದೆ. ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಹೋದರೆ, ಫೋಟೋದ ಮೇಲೆ ಅಡ್ಡಲಾಗಿ ಸಹಿ-ಮೊಹರು ಬೀಳದಿದ್ದರೆ, ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಆಧಾರ್ ಕೇಂದ್ರದಲ್ಲಿ ವಾಪಸ್ ಕಳಿಸುತ್ತಾರೆ. ನಾಲ್ಕಾರು ತಿಂಗಳಿಗೆ ಗುಳೆ ಹೋಗಿ ಮರಳುವವರು ಮಾತ್ರ ಊರಿನ ವಿಳಾಸವನ್ನು ಮುಟ್ಟಬಾರದು. ಊರಿನ ಸವಲತ್ತು ತಪ್ಪುತ್ತದೆ, ಹೋದಲ್ಲಿನದು ಸಿಗುವುದಿಲ್ಲ.

ಹೊರಡುವ ಮೊದಲು

ಮುಕಾದಮನ (ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಯ) ಮುಂಗಡ ಕೈಗೆ ಬಂದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ಈ ಕೆಲಸಗಳನ್ನು ಒಂದು ತಿಂಗಳು ಮೊದಲೇ ಮುಗಿಸಿ:

1. ರೇಷನ್ ಕಾರ್ಡಿನ ಎಲ್ಲ ಸದಸ್ಯರ ಇ-ಕೆವೈಸಿ ಆಗಿದೆಯೇ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟೇ ನೋಡಿ. ಕಬ್ಬು ಕಡಿದ, ಸಿಮೆಂಟ್ ಕಲಸಿದ ಕೈಗಳ ಬೆರಳಚ್ಚು ಸವೆದಿರುತ್ತದೆ. ಯಂತ್ರ ಒಪ್ಪದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಹೊಸದಾಗಿ ಕೊಡಿ. ಮಕ್ಕಳಿಗೆ 5 ಮತ್ತು 15 ವರ್ಷ ತುಂಬಿದಾಗ ಇದು ಕಡ್ಡಾಯ.

2. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ. ಒಟಿಪಿ ಬಾರದೆ ಪಿಎಫ್, ಇ-ಶ್ರಮ್, ಬ್ಯಾಂಕು ಯಾವುದೂ ಮುಂದಕ್ಕೆ ಹೋಗುವುದಿಲ್ಲ.

3. ಇ-ಶ್ರಮ್ ನೋಂದಣಿ ಮಾಡಿಸಿ: 16ರಿಂದ 59 ವರ್ಷದವರಿಗೆ, ಇಎಸ್‌ಐ-ಪಿಎಫ್ ಇಲ್ಲದವರಿಗೆ. 12 ಅಂಕಿಯ ಸಂಖ್ಯೆ ಬರುತ್ತದೆ.

4. ಬಸುರಿಯರು ತಾಯಿ ಕಾರ್ಡನ್ನು ಒಯ್ಯಬೇಕು. ಅದಿಲ್ಲದೆ ಹೋದಲ್ಲಿ ಯಾವ ಚುಚ್ಚುಮದ್ದು ಆಗಿದೆ ಎಂಬುದೇ ಗೊತ್ತಾಗದೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ.

5. ಶಾಲೆಗೆ ಹೋಗುವ ಮಗುವಿನ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆಯ) ಸಂಖ್ಯೆ ಮತ್ತು 11 ಅಂಕಿಯ ಶಾಶ್ವತ ಶಿಕ್ಷಣ ಸಂಖ್ಯೆ (ಪೆನ್) ಬರೆದುಕೊಳ್ಳಿ. ಅಜ್ಜ-ಅಜ್ಜಿ ಊರಲ್ಲೇ ಇದ್ದರೆ, ಅಥವಾ ಗುಳೆ ಮಕ್ಕಳ ಋತುಮಾನದ ಹಾಸ್ಟೆಲ್ ಹತ್ತಿರ ನಡೆಯುತ್ತಿದ್ದರೆ, ಮಗುವನ್ನು ಬಿಟ್ಟು ಹೋಗುವುದೇ ಮೇಲು.

ಎಲ್ಲದರ ಫೋಟೋ ಫೋನಿನಲ್ಲಿರಲಿ, ಮೂಲ ಪ್ರತಿ ನಿಮ್ಮ ಬಳಿಯೇ ಇರಲಿ. ‘ಆಧಾರ್ ಇಲ್ಲಿ ಕೊಡು, ಲೆಕ್ಕ ಮುಗಿದ ಮೇಲೆ ಒಯ್ಯಿ’ ಎನ್ನುವ ಗುತ್ತಿಗೆದಾರನ ಹತ್ತಿರ ಕೆಲಸ ಬೇಡ. ಮುಂಗಡ ತೀರಿಲ್ಲವೆಂದು ಕಾಗದ ಹಿಡಿದಿಟ್ಟುಕೊಂಡು ಜನರನ್ನು ಹೋಗಗೊಡದಿರುವುದು ಜೀತ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ದೂರನ್ನು ನೇರವಾಗಿ ಜಿಲ್ಲಾಧಿಕಾರಿಗೆ ಕೊಡಬಹುದು.

ಗೋವಾದಲ್ಲಿ ರೇಷನ್ ಎತ್ತುವುದು ಹೇಗೆ

‘ಒಂದು ದೇಶ ಒಂದು ಪಡಿತರ ಚೀಟಿ’ಗೆ ಬೇರೆ ಅರ್ಜಿ ಬೇಡ. ಯಾವ ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಕಾರ್ಡ್ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಹೇಳಿ ಹೆಬ್ಬೆಟ್ಟು ಒತ್ತಿದರೆ ಆಯಿತು. ಬಿಪಿಎಲ್ ಆದರೆ ತಲೆಗೆ 5 ಕೆಜಿ, ಅಂತ್ಯೋದಯ ಆದರೆ ಕುಟುಂಬಕ್ಕೆ 35 ಕೆಜಿ, 2023ರ ಜನವರಿಯಿಂದ ಉಚಿತ. ಎಪಿಎಲ್ ಕಾರ್ಡಿಗೆ ಈ ಸೌಲಭ್ಯವಿಲ್ಲ.

ಎಡವುವುದು ಹಂಚಿಕೆಯಲ್ಲಿ. ಐವರ ಕಾರ್ಡಿಗೆ ತಿಂಗಳಿಗೆ 25 ಕೆಜಿ. ಮೂವರು ವಾಸ್ಕೋದಲ್ಲಿ, ಇಬ್ಬರು ಮುದುಕರು ಊರಲ್ಲಿ ಇದ್ದರೆ ಅಲ್ಲಿ 15, ಇಲ್ಲಿ 10 ಎಂದು ಎತ್ತಬಹುದು. ಆದರೆ ವಾಸ್ಕೋದ ಅಂಗಡಿಯಲ್ಲಿ 25 ಕೆಜಿಗೂ ಬಿಲ್ ಮಾಡಿಬಿಟ್ಟರೆ ಊರಿನ ಯಂತ್ರದಲ್ಲಿ ಆ ತಿಂಗಳು ಸೊನ್ನೆ ತೋರಿಸುತ್ತದೆ, ಮುದುಕರು ಬರಿಗೈಯಲ್ಲಿ ಮನೆಗೆ ಹೋಗುತ್ತಾರೆ. ಹೆಬ್ಬೆಟ್ಟು ಒತ್ತುವ ಮೊದಲೇ ‘ಇಷ್ಟೇ ಕೆಜಿ’ ಎಂದು ಹೇಳಿ, ಚೀಟಿ ಕೇಳಿ ಪಡೆಯಿರಿ. ಪರವೂರಿನ ಕಾರ್ಡಿಗೆ ಸ್ಟಾಕ್ ಬಂದಿಲ್ಲ ಎಂಬುದು ಸಾಮಾನ್ಯ ನೆಪ. 14445ಕ್ಕೆ ಕರೆ ಮಾಡಿ ಅಂಗಡಿಯ ಸಂಖ್ಯೆ ಹೇಳಿ. ಆರು ತಿಂಗಳು ಊರಲ್ಲೂ ಎತ್ತದೆ, ಹೋದಲ್ಲೂ ಎತ್ತದೆ ಬಿಟ್ಟರೆ ಕಾರ್ಡನ್ನೇ ತಡೆಹಿಡಿಯುವ ಅಪಾಯವಿದೆ. ಅದಕ್ಕಾದರೂ ಪರವೂರಿನಲ್ಲಿ ಎತ್ತುತ್ತಿರಬೇಕು.

ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವವರು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ ಹೆಲ್ತ್ ಕಾರ್ಡ್ ಪಡೆಯಬೇಕು. ಅದನ್ನು ಮಾಡಿಸುವ ಹೊಣೆ ಕೆಲಸ ಕೊಟ್ಟವರದು. ಕಟ್ಟಡ ಕಾರ್ಮಿಕರ ಮಂಡಳಿಗಳು ರಾಜ್ಯಕ್ಕೊಂದು. ಕರ್ನಾಟಕದ ಕಾರ್ಡಿಗೆ ಅಲ್ಲಿ ಸಹಾಯಧನ ಬರುವುದಿಲ್ಲ. ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ದುಡಿಯುತ್ತೀರೋ ಅಲ್ಲಿ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಪಡೆದು ನೋಂದಾಯಿಸಿ. ಆ ದೃಢೀಕರಣವನ್ನು ಕೆಲಸ ನಡೆಯುತ್ತಿರುವಾಗಲೇ ಬರೆಸಿಕೊಳ್ಳಿ. ಕಟ್ಟಡ ಮುಗಿದ ಮೇಲೆ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ.

ಹದಿನೈದು ವರ್ಷದ ಗೋಡೆ

ಗೋವಾ ಸರ್ಕಾರಿ ನೌಕರಿಗೆ 15 ವರ್ಷ ಅಲ್ಲೇ ವಾಸವಿದ್ದ ಪ್ರಮಾಣಪತ್ರ ಬೇಕು, ಕೊಂಕಣಿಯೂ ಗೊತ್ತಿರಬೇಕು. ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರಕ್ಕೂ 15 ವರ್ಷ. 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲೂ ಅದೇ 15 ವರ್ಷ. ಖಾಸಗಿ ಕಾರ್ಖಾನೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂದು ಅದು ಹೇಳಿತ್ತು, ಕನ್ನಡ ಓದು-ಬರಹವನ್ನೂ ಕೇಳಿತ್ತು. ಶೇ 75 ಸ್ಥಳೀಯರಿಗೆ ಎಂದಿದ್ದ ಹರಿಯಾಣದ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿದೆ. ಸರ್ಕಾರಿ ನೌಕರಿಗೆ ವಾಸದ ಷರತ್ತು ಹಾಕುವ ಅಧಿಕಾರವನ್ನೂ ಸಂವಿಧಾನದ 16(3)ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ಆದರೂ ರಾಜ್ಯಗಳು ನಿಯಮಗಳ ಮೂಲಕ ಷರತ್ತು ಹಾಕುತ್ತಲೇ ಇವೆ.

ಸ್ಥಳೀಯರಿಗೆ ಕೆಲಸ ಸಿಗಬೇಕೆಂಬ ಮಾತು ನ್ಯಾಯವಾದದ್ದೇ. ಕನ್ನಡಿಗರಿಗೆ ಕೆಲಸ ಕೊಡುವ ಬಗೆಗಿನ ಸರೋಜಿನಿ ಮಹಿಷಿ ವರದಿ ಹುಟ್ಟಿದ್ದೂ ಆ ನೋವಿನಿಂದ. ಆದರೆ ಗುಳೆಯವರಿಗೆ ಈ 15 ವರ್ಷ ಎಂದೂ ತುಂಬುವುದಿಲ್ಲ ಎಂಬುದನ್ನು ಗಮನಿಸಬೇಕು. ಇಪ್ಪತ್ತು ವರ್ಷ ವಾಸ್ಕೋದ ಬೈನಾದಲ್ಲಿ ದುಡಿದವರೂ ಪ್ರತಿ ಮಳೆಗಾಲಕ್ಕೆ ಊರಿಗೆ ಬಂದು ಹೋಗಿರುತ್ತಾರೆ, ಬಾಡಿಗೆಗೆ ರಸೀದಿ ಇರುವುದಿಲ್ಲ, ಕರೆಂಟು ಮಾಲೀಕನ ಹೆಸರಲ್ಲಿರುತ್ತದೆ. 2021ರಲ್ಲಿ ಗೋವಾ ವಿಧಾನಸಭೆ 30 ವರ್ಷ ನೆಲೆಸಿದವರನ್ನು ‘ಭೂಮಿಪುತ್ರ’ರೆಂದು ಕರೆದು 250 ಚದರ ಮೀಟರ್‌ವರೆಗಿನ ಮನೆಯ ಹಕ್ಕು ಕೊಡುವ ಮಸೂದೆ ಪಾಸು ಮಾಡಿತು. ಹೊರಗಿನವರಿಗೆ ನೆಲ ಹೋಗುತ್ತದೆಂದು ಅಲ್ಲಿನ ಜನ ತಿರುಗಿಬಿದ್ದರು, ಅದು ಜಾರಿಗೆ ಬರಲಿಲ್ಲ. ಸರ್ಕಾರ ಕೈ ಚಾಚಿದರೂ ಊರು ಒಪ್ಪದಿದ್ದರೆ ಹೀಗಾಗುತ್ತದೆ.

ಅಲ್ಲೇ ನೆಲೆಸುವ ವಿಚಾರ ಇರುವವರು ಮೊದಲ ವರ್ಷದಿಂದಲೇ ಒಂದು ಫೈಲ್ ಮಾಡಿ. ಬಾಡಿಗೆ ಕರಾರು, ಮಗುವಿನ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಲಸಿಕೆ ಕಾರ್ಡು, ಆಸ್ಪತ್ರೆಯ ಚೀಟಿ, ಬ್ಯಾಂಕ್ ಪಾಸ್‌ಬುಕ್: ವರ್ಷಕ್ಕೆ ಕನಿಷ್ಠ ಎರಡು ಕಾಗದ, ಮೇಲೆ ತಾರೀಕು ಮತ್ತು ವಿಳಾಸ ಇರುವಂಥವು. ಇವುಗಳಲ್ಲಿ ಶಾಲೆಯ ದಾಖಲೆಗೆ ತೂಕ ಹೆಚ್ಚು. ಏಕೆಂದರೆ ಅದನ್ನು ಹಿಂದಿನ ತಾರೀಕಿಗೆ ಹುಟ್ಟಿಸುವುದು ಕಷ್ಟ.

ಕರ್ನಾಟಕಕ್ಕೆ ಬಂದವರ ಮಕ್ಕಳಿಗೂ ಇದೇ ಲೆಕ್ಕ. ಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಬೇಕಾದರೆ 1ರಿಂದ 12ನೇ ತರಗತಿಯೊಳಗೆ 7 ವರ್ಷ ಇಲ್ಲಿ ಓದಿರಬೇಕು. ಫೌಂಡ್ರಿ ಕೆಲಸಗಾರನ ಮಗಳು 6ನೇ ತರಗತಿಗೆ ಇಲ್ಲಿ ಸೇರಿದರೆ ಪಿಯುಸಿಗೆ ಸರಿಯಾಗಿ ಏಳಾಗುತ್ತದೆ, ನಡುವೆ ಒಂದು ವರ್ಷ ಊರಿಗೆ ಕಳಿಸಿದರೆ ಆರೇ ಆಗುತ್ತದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡ ಕನ್ನಡಿಗ ಮಕ್ಕಳಿಗೆ ಅಲ್ಲಿನ 7 ವರ್ಷದ ಓದನ್ನೇ ಒಪ್ಪುವ ಬೇರೆ ಕಲಂ ಇದೆ. ಅರ್ಜಿಯಲ್ಲಿ ಆ ಕಲಂ ಗುರುತಿಸದೆ ಅವಕಾಶ ಕಳೆದುಕೊಳ್ಳಬೇಡಿ.

ತಾಂಡಾದವರ ಜಾತಿ ಪ್ರಮಾಣಪತ್ರ

ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ತೆಲಂಗಾಣ-ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಗೋವಾದ ಪರಿಶಿಷ್ಟರ ಪಟ್ಟಿಯಲ್ಲಿ ಅವರಿಲ್ಲ. ವಲಸೆ ಹೋದ ರಾಜ್ಯದಲ್ಲಿ ಮೂಲ ರಾಜ್ಯದ ಮೀಸಲಾತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು, 2018ರಲ್ಲಿ ಮತ್ತೆ ಹೇಳಿತು. ವಾಸ್ಕೋದಲ್ಲೇ ಹುಟ್ಟಿ ಬೆಳೆದ ಮಗುವಿಗೂ ಮೀಸಲಾತಿಯ ಬೇರು ಇಂಡಿಯಲ್ಲೋ ಬಸವನ ಬಾಗೇವಾಡಿಯಲ್ಲೋ ಇರುತ್ತದೆ.

ಹಾಗಾಗಿ ಮಗು ಶಾಲೆಗೆ ಸೇರುವ ಮೊದಲೇ ಊರಿನ ನಾಡ ಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಮಾಡಿಸಿ, ಆರ್‌ಡಿ ಸಂಖ್ಯೆಯನ್ನು ಜೋಪಾನ ಮಾಡಿ. ಜಾತಿ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ, ಆದಾಯದ್ದು 5 ವರ್ಷ. ತಂದೆಯ ಶಾಲಾ ಟಿ.ಸಿ. ಅಥವಾ ಅವರದೇ ಜಾತಿ ಪ್ರಮಾಣಪತ್ರ ಜೊತೆಗಿರಲಿ. ಅರ್ಜಿಯನ್ನು ಜೂನ್-ಜುಲೈನಲ್ಲಿ, ನೀವು ಊರಲ್ಲಿ ಇರುವಾಗಲೇ ಕೊಡಿ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದಾಗ ಮನೆಗೆ ಬೀಗ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕಬ್ಬಿನ ಗ್ಯಾಂಗು ಬಂದಿಳಿದಾಗ

ಇನ್ನು ನಮ್ಮ ಸರದಿ. ಗೋವಾದಲ್ಲಿ ನಮ್ಮವರನ್ನು ‘ಘಾಟಿ’ ಎಂದು ಹೀಯಾಳಿಸಿದರೆ ನಮಗೆ ಉರಿಯುತ್ತದೆ. ಮುಧೋಳದ ಹೊಲದಂಚಿನಲ್ಲಿ ತಾಡಪತ್ರಿ ಕಟ್ಟಿಕೊಂಡವರ ಬಗ್ಗೆಯೂ ಹಾಗೆಯೇ ಅನ್ನಿಸಬೇಕು.

ಪಂಚಾಯತಿ ಮಾಡಬೇಕಾದ ಮೊದಲ ಕೆಲಸ ಪಟ್ಟಿ. ಹಂಗಾಮು ಶುರುವಾದ ವಾರದೊಳಗೆ ಎಷ್ಟು ಜೋಡಿ (ಗಂಡ-ಹೆಂಡತಿ), ಎಷ್ಟು ಮಕ್ಕಳು, ಎಷ್ಟು ಬಸುರಿಯರು ಎಂದು ಬರೆದುಕೊಂಡು ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ, ಶಾಲೆಯ ಮುಖ್ಯ ಗುರುಗಳಿಗೆ ಒಂದೊಂದು ಪ್ರತಿ ಕೊಡಿ. ಎಣಿಸಲು ಬೆಳಿಗ್ಗೆ ಹೋದರೆ ಪ್ರಯೋಜನವಿಲ್ಲ, ನಸುಕಿನಲ್ಲೇ ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ. ಸಂಜೆ ಒಲೆ ಹೊತ್ತಿಸುವ ಹೊತ್ತಿಗೆ ಹೋಗಿ.

ಆಮೇಲೆ ನೀರು. ಹಳ್ಳಿಯ ಕುಡಿಯುವ ನೀರಿನ ಮಾನದಂಡ ತಲೆಗೆ ದಿನಕ್ಕೆ 55 ಲೀಟರ್. 20 ಜೋಡಿ, 15 ಮಕ್ಕಳಿರುವ ಗ್ಯಾಂಗಿಗೆ ಅದು 3,025 ಲೀಟರ್ ಆಗುತ್ತದೆ. ಬಂಡಿಯ ಎತ್ತುಗಳಿದ್ದರೆ ಎತ್ತಿಗೆ 40 ಲೀಟರ್ ಮೇಲೆ ಲೆಕ್ಕ ಹಿಡಿಯಿರಿ. 5,000 ಲೀಟರ್ ಟ್ಯಾಂಕರು ಅವರಿಗೆ ಎರಡು ದಿನಕ್ಕೂ ಸಾಲದು. ನೀರಿನ ವ್ಯವಸ್ಥೆ ಇಲ್ಲದಿದ್ದರೆ ಅವರು ಊರಿನ ನಲ್ಲಿಗೆ ಬರುತ್ತಾರೆ, ಅಲ್ಲಿಂದಲೇ ಜಗಳ. ‘ಹೊರಗಿನವರು’ ಎಂಬ ಸಿಟ್ಟು ಬಹುಪಾಲು ಹೀಗೆ ಹುಟ್ಟುವಂಥದ್ದು. ಕಾರ್ಖಾನೆಯಿಂದಲೋ ಹೊಲದ ಮಾಲೀಕರಿಂದಲೋ ಟ್ಯಾಂಕರ್ ಖರ್ಚನ್ನು ಮೊದಲೇ ಮಾತಾಡಿಕೊಂಡರೆ ಆ ಜಗಳ ತಪ್ಪುತ್ತದೆ. ಗುಡಿಸಲುಗಳ ಪಕ್ಕ ಒಣ ರವದಿ (ಕಬ್ಬಿನ ಗರಿ) ಒಟ್ಟಲು ಬಿಡಬೇಡಿ, ಒಂದು ಕಿಡಿ ಸಾಕು.

ಶಾಲೆಯಲ್ಲಿ ‘ಟಿ.ಸಿ. ತನ್ನಿ’ ಎಂದು ವಾಪಸ್ ಕಳಿಸುವುದು ಕಾನೂನಿಗೆ ವಿರುದ್ಧ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಟಿ.ಸಿ. ತಡವಾಯಿತೆಂದು, 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಮುಖ್ಯ ಗುರುಗಳು ಒಪ್ಪದಿದ್ದರೆ ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಬೀಡಿನ ಮಗುವನ್ನು ಕನ್ನಡ ಮಾಧ್ಯಮದಲ್ಲಿ ಸುಮ್ಮನೆ ಕೂರಿಸಿದರೆ ಅದು ನಾಲ್ಕು ತಿಂಗಳು ಬಾಯಿ ಬಿಡುವುದಿಲ್ಲ. ನಿಪ್ಪಾಣಿ, ಚಿಕ್ಕೋಡಿ, ಖಾನಾಪುರ, ಬೆಳಗಾವಿಯಲ್ಲಿ ಸರ್ಕಾರಿ ಮರಾಠಿ ಶಾಲೆಗಳಿವೆ, ಹತ್ತಿರವಿದ್ದರೆ ಅಲ್ಲಿಗೇ ಕಳಿಸಿ. ದೂರವಾದರೆ ಗಣಿತದಿಂದ ಶುರು ಮಾಡಿ, ಅಂಕಿಗೆ ಭಾಷೆಯ ತೊಡಕು ಕಡಿಮೆ. ಕನ್ನಡ ಆಟದ ಜೊತೆಗೆ ತಾನಾಗಿ ಬರುತ್ತದೆ. ಗಡಿ ವಿವಾದದ ಮಾತನ್ನು ಈ ಮಕ್ಕಳ ತಲೆಗೆ ಕಟ್ಟಬಾರದು.

ತೂಕದ ಚೀಟಿಯ ಲೆಕ್ಕವನ್ನು ಗ್ಯಾಂಗಿನಲ್ಲಿ ಓದು ಬಲ್ಲ ಒಬ್ಬರು ನೋಟ್‌ಬುಕ್ಕಿನಲ್ಲಿ ಇಡಲಿ: ತಾರೀಕು, ಟ್ರ್ಯಾಕ್ಟರ್ ನಂಬರ್, ಟನ್ನು. ಹಂಗಾಮಿನ ಕೊನೆಗೆ ಮುಂಗಡ ಎಷ್ಟು ತೀರಿತು ಎಂಬ ತಕರಾರಿಗೆ ಅದೊಂದೇ ಪುರಾವೆ.

ಕಾರ್ಖಾನೆಯವರಿಗೆ, ಮನೆ ಮಾಲೀಕರಿಗೆ

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರ ಕರೆತಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಈಗ ತಾವಾಗಿ ಬಂದು ಕೆಲಸಕ್ಕೆ ಸೇರಿದವರೂ, ಸಂಬಳ 18,000 ರೂಪಾಯಿ ಮೀರದಿದ್ದರೆ, ವಲಸೆ ಕಾರ್ಮಿಕರೇ. ಅಂಥವರು 10 ಜನ ಇದ್ದರೆ ನಿಯಮ ಅನ್ವಯಿಸುತ್ತದೆ. ಹಿಂದಿನ 12 ತಿಂಗಳಲ್ಲಿ 180 ದಿನ ದುಡಿದವರಿಗೆ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ಭತ್ಯೆ ಕೊಡಬೇಕು. ಹೊಸಬರನ್ನು ಸೇರಿಸಿಕೊಳ್ಳುವಾಗ ಹಳೆಯ ಪಿಎಫ್ ಸಂಖ್ಯೆ ಕೇಳಿ. ಪ್ರತಿ ಸಲ ಹೊಸದು ಮಾಡಿದರೆ ಅವರ ಹಣ ಮೂರು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ.

ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ 2024ರ ಕಾನೂನು ಅಂಗಡಿ-ಕಾರ್ಖಾನೆಯ ಮುಂದಿನ ಬೋರ್ಡಿಗೆ. ಕರಗಿದ ಕಬ್ಬಿಣ ಸುರಿಯುವ ಜಾಗದ ಎಚ್ಚರಿಕೆಯನ್ನು ಕನ್ನಡದ ಜೊತೆ ಹಿಂದಿ, ಒಡಿಯಾದಲ್ಲೂ ಬರೆಸಲು ಅದು ಅಡ್ಡಿಯಲ್ಲ. ಬರೆಸಲೇಬೇಕು. ಜೊತೆಗೆ ದಿನಕ್ಕೆ ಹತ್ತು ನಿಮಿಷ ಕನ್ನಡ ಕಲಿಸಿ. ಮೊದಲು ‘ನಿಲ್ಲು, ಸರಿ, ಬಿಸಿ ಐತಿ, ಕೈ ತೆಗಿ’, ಆಮೇಲೆ ಸಂತೆಯ ಮಾತು. ಫೌಂಡ್ರಿಯಲ್ಲಿ ಆಡುವ ಕನ್ನಡವೇ ಅವರಿಗೆ ಬೇಕಾದದ್ದು, ಪುಸ್ತಕದ ಕನ್ನಡ ಆಮೇಲೆ ನೋಡಿದರಾಯಿತು.

ಮನೆ ಬಾಡಿಗೆಗೆ ಕೊಡುವವರು 11 ತಿಂಗಳ ಕರಾರನ್ನು ಇ-ಸ್ಟಾಂಪ್ ಕಾಗದದಲ್ಲಿ ಮಾಡಿ, ಆಧಾರ್ ಪ್ರತಿ ಇಟ್ಟುಕೊಳ್ಳಿ. ಕರಾರು ಕೊಟ್ಟರೆ ಮನೆ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ, ಕರಾರಿನಲ್ಲೇ ‘ಬಾಡಿಗೆದಾರ’ ಎಂದು ಬರೆದಿರುತ್ತದೆ. ವೈದ್ಯಕೀಯ ಓದಿಗೆ ಬೆಳಗಾವಿಗೆ ಬರುವ ವಿದೇಶಿ ವಿದ್ಯಾರ್ಥಿಗಳನ್ನು ಇರಿಸಿಕೊಂಡರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ಮಾಹಿತಿ (ಹಿಂದೆ ‘ಫಾರ್ಮ್ ಸಿ’ ಎನ್ನುತ್ತಿದ್ದದ್ದು) ಸಲ್ಲಿಸಬೇಕು. ನೇಪಾಳದವರಿಗೆ 1950ರ ಒಪ್ಪಂದದಿಂದಾಗಿ ವೀಸಾ ಬೇಡ, ಆದರೆ ಮತದ ಹಕ್ಕಿಲ್ಲ.

ಮತ, ಮತ್ತು ದೂರು

ವರ್ಷದ ಬಹುಪಾಲು ಎಲ್ಲಿರುತ್ತೀರೋ ಅಲ್ಲಿಯ ಮತದಾರರಾಗಿ. ವಿಳಾಸ ಬದಲಿಗೆ ನಮೂನೆ 8, ಮೊದಲ ಸಲ ಸೇರಲು ನಮೂನೆ 6, ಸಹಾಯಕ್ಕೆ 1950. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ನೆಲೆಸಿದವರು ಮತ ವರ್ಗಾಯಿಸಿಕೊಳ್ಳುವುದು ಒಳ್ಳೆಯದು, ಮತವಿಲ್ಲದ ಓಣಿಗೆ ಚರಂಡಿಯೂ ಕೊನೆಗೆ ಬರುತ್ತದೆ.

ಕೂಲಿ ಬಾಕಿ ಇದ್ದರೆ ಕರ್ನಾಟಕದಲ್ಲಿ ಕಾರ್ಮಿಕ ಸಹಾಯವಾಣಿ 155214, ಮಗುವಿನ ವಿಷಯಕ್ಕೆ 1098, ಹಲ್ಲೆಯಾದರೆ 112. ಫೋನಿನ ಜೊತೆ ಬರಹದ ದೂರೂ ಇರಲಿ: ಎರಡು ಪ್ರತಿ, ಒಂದರ ಮೇಲೆ ಸ್ವೀಕೃತಿಯ ಸಹಿ, ಮೊಹರು, ತಾರೀಕು. ಕೆಲಸದ ಜಾಗ, ಗುತ್ತಿಗೆದಾರನ ಹೆಸರು ಮತ್ತು ಫೋನು, ದಿನಗಳ ಲೆಕ್ಕ, ಬಾಕಿ ಮೊತ್ತ ಈ ನಾಲ್ಕೂ ಅದರಲ್ಲಿ ಇರಲೇಬೇಕು. ಭಾಷೆ ಬಾರದವರ ದೂರನ್ನು ಕನ್ನಡದಲ್ಲಿ ಬರೆದುಕೊಟ್ಟು, ಬರೆದದ್ದನ್ನು ಅವರಿಗೆ ಹಿಂದಿಯಲ್ಲೋ ಮರಾಠಿಯಲ್ಲೋ ಓದಿ ಹೇಳಿ, ಆಮೇಲೆಯೇ ಸಹಿ ಹಾಕಿಸಿ.